ಕಿವಿ ಕೇಳದ ರಾಜಕುಮಾರಿ

ರೇಡಿಯೋ ಹಾಕಿ ಕುಳಿತ ನಮಗೆ ಕೇಳುವುದೆಂದರೆ ಕಿವಿಯ ಕೆಲಸ. ಕಣ್ಣಿನಿಂದ ಕೇಳಿದವರೂ ಇದ್ದಾರೆ. ಅಂಥವರಲ್ಲಿ ಒಬ್ಬರು ಆಲಿಸ್ ರಾಜಕುಮಾರಿ. ನಮ್ಮ ದೇಶದ ಕೊನೆಯ ವೈಸರಾಯ್ ಲಾರ್ಡ್ ಮೌಂಟ್‌ಬ್ಯಾಟನ್ನರ ಹೆಸರು ನಿಮಗೆ ಗೊತ್ತು. ಈಕೆ ಅವರ ಅಕ್ಕ.

ಆಲಿಸ್ ಹುಟ್ಟಿದ್ದು 1885ರ ಫೆಬ್ರವರಿ 25ರಂದು, ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿ. ವಿಕ್ಟೋರಿಯಾ ರಾಣಿ ಆಕೆಯ ಮುತ್ತಜ್ಜಿ. ಮಗು ಮಾತು ಕಲಿಯುವುದು ತಡವಾದಾಗ ಹುಟ್ಟುಕಿವುಡೆಂದು ತಿಳಿಯಿತು. ತಾಯಿ ಎದೆಗುಂದದೆ, ಎದುರಿನವರ ತುಟಿಯ ಚಲನೆಯಿಂದ ಮಾತನ್ನು ಗ್ರಹಿಸಲು ಕಲಿಸಿದರು. ಇದೇನೂ ಸುಲಭದ ವಿದ್ಯೆಯಲ್ಲ. ಕನ್ನಡಿಯ ಮುಂದೆ ನಿಂತು ಸದ್ದಿಲ್ಲದೆ ‘ಪರ’, ‘ಬರ’, ‘ಮರ’ ಎಂದು ನೋಡಿ. ಮೂರಕ್ಕೂ ತುಟಿ ಒಂದೇ ತೆರನಾಗಿ ಕೂಡುತ್ತದೆ. ಯಾವುದು ಬರ, ಯಾವುದು ಮರ ಎಂಬುದನ್ನು ಸಂದರ್ಭದಿಂದಲೇ ಊಹಿಸಬೇಕು. ಆಲಿಸ್ ಇಂಗ್ಲಿಷ್, ಜರ್ಮನ್ ಎರಡನ್ನೂ ಹೀಗೆ ಕಲಿತರು.

1903ರಲ್ಲಿ ಗ್ರೀಸ್ ದೇಶದ ದೊರೆಯ ನಾಲ್ಕನೆಯ ಮಗ ಆಂಡ್ರೂವಿನೊಡನೆ ವಿವಾಹವಾಯಿತು. 1912ರಲ್ಲಿ ಬಾಲ್ಕನ್ ಯುದ್ಧ ಬಂದಾಗ ರಾಜಕುಮಾರಿ ದಾದಿಯಾಗಿ ಗಾಯಾಳುಗಳ ಆರೈಕೆಗೆ ನಿಂತರು. 1922ರಲ್ಲಿ ತುರ್ಕಿಯೊಡನೆ ನಡೆದ ಯುದ್ಧದಲ್ಲಿ ಗ್ರೀಸ್ ಸೋತಿತು, ಆಂಡ್ರೂ ಗಡಿಪಾರಾದರು. ನಾಲ್ವರು ಹೆಣ್ಣುಮಕ್ಕಳು, ಕೈಗೂಸು ಫಿಲಿಪ್ - ಇವರೊಡನೆ ಸಂಸಾರ ಪ್ಯಾರಿಸಿನ ಸಮೀಪ ಆಶ್ರಯ ಪಡೆಯಿತು.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. 1930ರಲ್ಲಿ ಆಲಿಸ್‌ಗೆ ಚಿತ್ತವ್ಯಾಧಿಯೆಂದು ವೈದ್ಯರು ನಿರ್ಣಯಿಸಿ, ಆಕೆಯ ಇಚ್ಛೆಗೆ ವಿರುದ್ಧವಾಗಿ ಸ್ವಿಟ್ಸರ್ಲೆಂಡಿನ ಚಿಕಿತ್ಸಾಲಯದಲ್ಲಿರಿಸಿದರು. ಫಿಲಿಪ್‌ಗೆ ಆಗ ಒಂಬತ್ತು ತುಂಬಿರಲಿಲ್ಲ. ಸಂಸಾರ ಚದುರಿಹೋಯಿತು. 1932ರಲ್ಲಿ ಅಲ್ಲಿಂದ ಹೊರಬಂದರೂ ಮನೆಯೆಂಬುದು ಉಳಿದಿರಲಿಲ್ಲ. 1937ರಲ್ಲಿ ಮಗಳು ಸೆಸಿಲಿ, ಅಳಿಯ, ಇಬ್ಬರು ಮೊಮ್ಮಕ್ಕಳು ವಿಮಾನಾಪಘಾತದಲ್ಲಿ ತೀರಿಕೊಂಡರು.

ಇಷ್ಟಾದ ಮೇಲೆ ಯಾರಾದರೂ ಮೂಲೆ ಹಿಡಿದಾರು. ಆಲಿಸ್ ಅಥೆನ್ಸಿಗೆ ಮರಳಿದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಆ ನಗರವನ್ನು ಹಿಡಿದಾಗ ಹಸಿದವರಿಗೆ ಗಂಜಿ ಹಂಚುವ ಕೆಲಸಕ್ಕೆ ನಿಂತರು. ಅಳಿಯಂದಿರು ಜರ್ಮನರ ಕಡೆ, ಮಗ ಬ್ರಿಟಿಷ್ ನೌಕಾಪಡೆಯಲ್ಲಿ. ತಾಯಿಯ ಕರುಳು ಯಾವ ಪಕ್ಷಕ್ಕೆ ಜಯ ಕೋರೀತು?

1943ರಲ್ಲಿ ಅಲ್ಲಿಯ ಯೆಹೂದ್ಯರ ಬೇಟೆ ಮೊದಲಾಯಿತು. ಹಿಂದೆ ರಾಜಮನೆತನಕ್ಕೆ ನೆರವಾಗಿದ್ದ ಕೊಹೆನ್ ಎಂಬುವರ ವಿಧವೆ ರಾಖೇಲ್ ಮಕ್ಕಳೊಡನೆ ದಿಕ್ಕುಗೆಟ್ಟಿದ್ದರು. ಆಲಿಸ್ ಅವರನ್ನು ತಮ್ಮ ಮನೆಯಲ್ಲೇ ಅಡಗಿಸಿಟ್ಟರು. ಗುಪ್ತ ಪೋಲೀಸರು ವಿಚಾರಿಸಿದಾಗ, ತುಟಿಯೋದುವುದರಲ್ಲಿ ನಿಪುಣೆಯಾದ ಈಕೆ ಒಂದು ಮಾತೂ ತಿಳಿಯದ ಕಿವುಡಿಯಂತೆ ನಟಿಸಿದರೆಂದು ಹೇಳುತ್ತಾರೆ. 1944ರ ಅಕ್ಟೋಬರಿನಲ್ಲಿ ನಗರ ಬಿಡುಗಡೆಯಾಗುವವರೆಗೂ ಆ ಕುಟುಂಬ ಸುರಕ್ಷಿತವಾಗಿತ್ತು.

1949ರಲ್ಲಿ ಆಕೆ ದಾದಿಯರ ಧಾರ್ಮಿಕ ಸಂಘವೊಂದನ್ನು ಸ್ಥಾಪಿಸಿದರು. 1953ರಲ್ಲಿ ಸೊಸೆ ಎಲಿಜಬೆತ್ ರಾಣಿಯ ಪಟ್ಟಾಭಿಷೇಕಕ್ಕೆ ಬಂದಾಗಲೂ ಆಕೆ ತೊಟ್ಟದ್ದು ಸನ್ಯಾಸಿನಿಯ ಬೂದು ನಿಲುವಂಗಿ. 1960ರಲ್ಲಿ ರಾಜಕುಮಾರಿ ಅಮೃತ್ ಕೌರ್ ಅವರ ಆಹ್ವಾನದ ಮೇಲೆ ಭಾರತಕ್ಕೂ ಬಂದಿದ್ದರು. 1969ರ ಡಿಸೆಂಬರ್ 5ರಂದು ಲಂಡನ್ನಿನ ಬಕಿಂಗ್‌ಹ್ಯಾಂ ಅರಮನೆಯಲ್ಲಿ ಕಾಲವಾದಾಗ ಆಕೆಯದೆನ್ನುವ ಆಸ್ತಿ ಏನೂ ಇರಲಿಲ್ಲ, ಇದ್ದುದನ್ನೆಲ್ಲ ಕೊಟ್ಟಾಗಿತ್ತು. ಆಕೆಯ ಇಚ್ಛೆಯಂತೆ 1988ರಲ್ಲಿ ದೇಹವನ್ನು ಜೆರೂಸಲೇಮಿಗೆ ಒಯ್ದರು. ಯೆಹೂದ್ಯರನ್ನು ಕಾಪಾಡಿದ ಅನ್ಯಧರ್ಮೀಯರಿಗೆ ಸಲ್ಲುವ ಇಸ್ರೇಲಿನ ಗೌರವವನ್ನು 1994ರಲ್ಲಿ ಮಗ ಫಿಲಿಪ್ ಅಲ್ಲಿಗೆ ಹೋಗಿ ಸ್ವೀಕರಿಸಿದರು.

ಅರಮನೆಯಲ್ಲಿ ಹುಟ್ಟುವುದು ಯಾರ ಹಿರಿಮೆಯೂ ಅಲ್ಲ. ಬಾಗಿಲು ತಟ್ಟಿದವರ ದನಿ ಕಿವಿಗೆ ಬೀಳದಿದ್ದರೂ ಬಾಗಿಲು ತೆರೆದದ್ದು ಆಕೆಯ ಹಿರಿಮೆ.