ಮಲೆಯ ಮೇಲಿನ ಗಣಕಕ್ಕೆ ಹೊಸ ಡಿಸ್ಕು

ಆಳಿಯಾರಿನಿಂದ ನಲವತ್ತು ತಿರುವುಗಳನ್ನು ಹತ್ತಿ, ಸುಮಾರು 3,500 ಅಡಿ ಎತ್ತರದ ವಾಲ್ಪಾರೈಯನ್ನು ನಾನು ಸೇರಿದಾಗ ಚಹದ ತೋಟಗಳ ಮೇಲೆ ಆಷಾಢದ ಮಳೆ ಎಡೆಬಿಡದೆ ಸುರಿಯುತ್ತಿದ್ದಿತು. ಕೊಯಮತ್ತೂರು ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿದ ಕನ್ನಡದ ದೇವಾಂಗ ಮನೆತನದವರಾದ ನನ್ನ ಮಿತ್ರರ ಗಣಕಯಂತ್ರವು, ಪದೇ ಪದೇ ಕರೆಂಟು ಹೋಗಿ ಬಂದುದರ ತರುವಾಯ, ಒಳಗಿನಿಂದ ‘ಟಿಕ್ ಟಿಕ್’ ಎಂದು ಸದ್ದುಮಾಡುತ್ತ ಕಪ್ಪು ಪರದೆಯಲ್ಲೇ ನಿಂತುಬಿಟ್ಟಿದ್ದಿತು. ಅವರ ತಾಯಿಯವರು ಹೇಳಿ ಬರೆಯಿಸಿದ ಮನೆತನದ ವೃತ್ತಾಂತವೆಲ್ಲ ಅದರೊಳಗಿದ್ದಿತು.

ಆ ಸದ್ದು ಹಾರ್ಡ್ ಡಿಸ್ಕಿನದು. ಅದರೊಳಗೆ ನಿಮಿಷಕ್ಕೆ 5,400 ಅಥವಾ 7,200 ಸಲ ಸುತ್ತುವ ತಟ್ಟೆಗಳಿರುತ್ತವೆ. ಅವುಗಳ ಮೇಲೆ, ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ, ಓದುವ ಮೊನೆಯು ಗಾಳಿಯ ಪದರವನ್ನಾಧರಿಸಿ ತೇಲುತ್ತಿರುತ್ತದೆ. ಆ ಮೊನೆ ತಪ್ಪಿದ ಡಿಸ್ಕು ಪ್ರತಿಸಲ ಚಾಲೂ ಮಾಡಿದಾಗಲೂ ಇನ್ನಷ್ಟು ಕೆಡಬಹುದಾದುದರಿಂದ, ಹೊಸತನ್ನು ಹಾಕುವ ಯೋಚನೆಗೆ ಮೊದಲು ಹಳೆಯದನ್ನು ಬೇರೊಂದು ಲ್ಯಾಪ್‌ಟಾಪಿಗೆ ಜೋಡಿಸಿ, ಅತ್ಯವಶ್ಯವಾದ ಕಡತಗಳನ್ನು ಮೊದಲಾಗಿ ನಕಲು ಮಾಡಿಕೊಂಡೆವು. ಭಾಗ್ಯವಶಾತ್ ಅದು ಅಷ್ಟುಹೊತ್ತು ಓದಿಸಿಕೊಂಡಿತು.

ಕಡತಗಳನ್ನು ಹೊಸ ಡಿಸ್ಕಿಗೆ ಸುರಿದಮಾತ್ರಕ್ಕೆ ಗಣಕವು ಏಳದು. ಕರೆಂಟು ಬಂದೊಡನೆ ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಸಣ್ಣ ತಂತ್ರಾಂಶವು ಎಚ್ಚತ್ತು, ಡಿಸ್ಕಿನ ನಿಯತ ಸ್ಥಾನದಲ್ಲಿ ಆರಂಭದ ಆದೇಶಗಳನ್ನು ಅರಸುತ್ತದೆ. ಅಲ್ಲಿ ಅವು ದೊರೆತರೆ ಮಾತ್ರ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಮೇಲೇಳುತ್ತದೆ. ಆ ಆದೇಶಗಳನ್ನು ಸ್ವಸ್ಥಾನದಲ್ಲಿ ಬರೆದು, ಡಿಸ್ಕನ್ನು ಭಾಗಗಳಾಗಿ ವಿಂಗಡಿಸಿ, ವ್ಯವಸ್ಥೆಯನ್ನು ನೆಲೆಗೊಳಿಸುವುದೇ ಮರುಸ್ಥಾಪನೆ. ಇದಕ್ಕೆ ಬೇಕಾದುದು ಬೇರೊಂದು ಗಣಕದಲ್ಲಿ ಸಿದ್ಧಪಡಿಸಿದ 8 ಜಿಬಿಯ ಪೆನ್‌ಡ್ರೈವ್. ಗಣಕದ ವಯರನ್ನು ಗೋಡೆಯಿಂದ ಕಿತ್ತು, ಮೈಯ ಸ್ಥಿರವಿದ್ಯುತ್ತು ಕಳೆಯಲೆಂದು ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಹಳೆಯ ಡಿಸ್ಕಿದ್ದ ಜಾಗದಲ್ಲಿ ಹೊಸತನ್ನು ಸ್ಕ್ರೂ ಹಾಕಿ ಬಿಗಿದೆವು. ‘ಯಾವ ಡಿಸ್ಕಿಗೆ ಹಾಕಲಿ’ ಎಂದು ಪರದೆ ಕೇಳುವ ಗಳಿಗೆಯೇ ಅಪಾಯಕರವಾದುದು. ತಪ್ಪಿ ಆರಿಸಿದರೆ ಸರಿಯಿದ್ದ ಡಿಸ್ಕೇ ಅಳಿಸಿಹೋಗುವುದರಿಂದ, ಉಳಿದವುಗಳನ್ನೆಲ್ಲ ಮೊದಲೇ ಬೇರ್ಪಡಿಸಿದ್ದೆವು.

ವಿಂಡೋಸ್ ಎದ್ದಿತು. ಆದರೆ ವೃತ್ತಾಂತವನ್ನು ತೆರೆದೊಡನೆ ಕಂಡುದು ಕನ್ನಡವಲ್ಲ, ರೋಮನ್ ಅಕ್ಷರಗಳ ಅಸಂಬದ್ಧ ರಾಶಿ! ಮಿತ್ರರ ಮುಖವು ಕಳೆಗುಂದಿತು. ಕಡತಕ್ಕೆ ಏನೂ ಆಗಿರಲಿಲ್ಲ. ಅದು ‘ನುಡಿ’ ಎಂಬ ಕನ್ನಡ ಬರವಣಿಗೆಯ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದಿತು, ಆ ಫಾಂಟು ಹಳೆಯ ಡಿಸ್ಕಿನೊಂದಿಗೇ ಹೋಗಿದ್ದಿತು. ಅಂತಹ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪವನ್ನು ತೊಡಿಸುತ್ತವೆ. ಯೂನಿಕೋಡ್ ಸಂಕೇತಕ್ರಮದಲ್ಲಾದರೋ ಕನ್ನಡದ ಪ್ರತಿಯೊಂದು ವರ್ಣಕ್ಕೂ ಸ್ವಂತ ಸಂಕೇತವಿದೆ. ನುಡಿಯನ್ನು ಹಾಕಿದೊಡನೆ ತಾಯಿಯವರ ಮಾತು ಸಾಲುಸಾಲಾಗಿ ಮರಳಿ ಬಂದಿತು.

‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬರೆದಿಟ್ಟ ಕಡತಗಳು ನಿಮ್ಮಲ್ಲಿದ್ದರೆ, ದಯಮಾಡಿ, ಡಿಸ್ಕು ಸದ್ದುಮಾಡುವುದಕ್ಕೆ ಮೊದಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಮತ್ತೊಂದು ಕಡೆ ಒಂದು ಪ್ರತಿಯನ್ನು ಇಟ್ಟುಕೊಳ್ಳಿರಿ.