ಸೋರುವ ಕೊಡದಲ್ಲಿ ನೀರು ನಿಲ್ಲುವುದೇ?

2020ರ ಮಳೆಗಾಲದಲ್ಲಿ ನನ್ನ ಪತಿ ಗಲ್ಫ್ ಬಿಟ್ಟು ಊರಿಗೆ ಬಂದರು. ಕೊರೋನಾದ ಹೊಡೆತಕ್ಕೆ ಅವರು ದುಡಿಯುತ್ತಿದ್ದ ಅಂಗಡಿ ಮುಚ್ಚಿತ್ತು. ಒಂಬತ್ತು ವರ್ಷ ತಿಂಗಳು ತಪ್ಪದೆ ಬರುತ್ತಿದ್ದ ಹಣ ನಿಂತುಹೋಯಿತು. ಕೆಲವು ತಿಂಗಳ ನಂತರ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಅವರಿಗೆ ಕೆಲಸ ಸಿಕ್ಕಿತು. ಸಂಬಳ ಮೊದಲಿನ ಮೂರರಲ್ಲಿ ಒಂದು ಪಾಲು. ಆದರೆ ನಮ್ಮ ಮನೆಯ ಖರ್ಚಿಗೆ ಮಾತ್ರ ಗಲ್ಫ್ ಮುಗಿದ ಸುದ್ದಿ ಮುಟ್ಟಿರಲಿಲ್ಲ.

ಮನೆಗೆ ನೆಂಟರು ಬಂದರೆ ಬಿರಿಯಾನಿ ಆಗಲೇಬೇಕಿತ್ತು. ಮದುವೆಗೆ ಹೋದರೆ ಉಡುಗೊರೆ ಹಿಂದಿನಷ್ಟೇ ಭಾರದ್ದಿರಬೇಕಿತ್ತು. ಮೊದಲೇ ಚಿಂತೆಯಲ್ಲಿದ್ದ ಪತಿಗೆ ಇನ್ನಷ್ಟು ಹೊರೆ ಬೇಡವೆಂದು ದಿನಸಿ ಅಂಗಡಿಯ ಕಡದ ಲೆಕ್ಕವನ್ನು ನಾನು ಅವರಿಂದ ಮುಚ್ಚಿಟ್ಟೆ. ನನಗೆ ನೋವಾಗಬಾರದೆಂದು ಅವರು ಸ್ನೇಹಿತರಿಂದ ಪಡೆದ ಕೈಸಾಲವನ್ನು ನನ್ನಿಂದ ಮುಚ್ಚಿಟ್ಟಿದ್ದರು. ಒಂದೇ ಸೂರಿನಡಿ ನಾವಿಬ್ಬರೂ ಪರಸ್ಪರರ ಒಳಿತಿಗೆಂದೇ ಸುಳ್ಳು ಹೇಳುತ್ತಿದ್ದೆವು.

ಮಗಳ ಶಾಲಾ ಶುಲ್ಕದ ದಿನ ಬಂತು. "ನಿನ್ನ ಬಳೆ ಸ್ವಲ್ಪ ದಿನಕ್ಕೆ ಕೊಡ್ತೀಯಾ?" ಎಂದು ಅವರು ತಲೆ ತಗ್ಗಿಸಿ ಕೇಳಿದರು. ಬಳೆ ಕಪಾಟಿನಲ್ಲಿರಲಿಲ್ಲ. ಎರಡು ತಿಂಗಳ ಹಿಂದೆಯೇ ಅದನ್ನು ಅಡವಿಟ್ಟು ಅಂಗಡಿಯ ಬಾಕಿ ತೀರಿಸಿದ್ದೆ. ಬಡ್ಡಿಯ ಬಾಗಿಲು ತುಳಿದ ಆ ನೋವು ಇಂದಿಗೂ ನನ್ನಲ್ಲಿದೆ. ಅವರು ಗದರಿಸಲಿಲ್ಲ, ಸುಮ್ಮನೆ ಕುಳಿತರು. ಬಾಗಿಲ ಬಳಿ ನಿಂತಿದ್ದ ಎಂಟನೇ ತರಗತಿಯ ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಮರುದಿನ ನನ್ನ ಅತ್ತೆ ಒಂದು ನೋಟು ಪುಸ್ತಕ ತಂದು ಮೇಜಿನ ಮೇಲಿಟ್ಟರು. "ಸೋರುವ ಕೊಡಕ್ಕೆ ಎಷ್ಟು ನೀರು ಹೊಯ್ದರೂ ಅಷ್ಟೇ ಮಗಳೇ. ಮೊದಲು ತೂತು ಎಲ್ಲಿದೆ ಅಂತ ನೋಡಿ" ಎಂದರು.

ಬರೆದರೆ ಮಾತ್ರ ಕಾಣುವ ಖರ್ಚು

ಮನೆಯ ಲೆಕ್ಕ ಬರೆದಿಡುವುದು ಹೊಸ ವಿಚಾರವೇನಲ್ಲ. ಜಪಾನಿನಲ್ಲಿ ಹಾನಿ ಮೊಟೊಕೊ ಎಂಬ ಪತ್ರಕರ್ತೆ 1904ರಲ್ಲೇ ಗೃಹಿಣಿಯರಿಗಾಗಿ ಮನೆ ಲೆಕ್ಕದ ಪುಸ್ತಕವೊಂದನ್ನು ಪ್ರಕಟಿಸಿದ್ದರು. ಅಂತಹ ಪುಸ್ತಕಗಳು ಅಲ್ಲಿ ಇಂದಿಗೂ ಬಳಕೆಯಲ್ಲಿವೆ. ಕೈಯಲ್ಲಿ ಎಷ್ಟಿದೆ, ಎಷ್ಟು ಉಳಿಸಬೇಕು, ಎಷ್ಟು ಖರ್ಚಾಯಿತು, ಮುಂದಿನ ತಿಂಗಳು ಏನನ್ನು ತಿದ್ದಿಕೊಳ್ಳಬಹುದು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಲೆಕ್ಕದ ಕೆಲಸ ಮುಗಿಯಿತು.

ನಾವು ಒಂದು ತಿಂಗಳು ಏನನ್ನೂ ಕಡಿಮೆ ಮಾಡದೆ ಬರೀ ಬರೆದೆವು. ತಿಂಗಳ ಕೊನೆಗೆ ಕೂಡಿ ನೋಡಿದಾಗ ಆಶ್ಚರ್ಯವಾಯಿತು. ನಾವು ದೂರುತ್ತಿದ್ದ ಅಕ್ಕಿ, ಮೀನು, ತರಕಾರಿ ತೂತುಗಳಾಗಿರಲಿಲ್ಲ. ಬೇಕರಿ ತಿಂಡಿ, ತಂಪು ಪಾನೀಯ, ನಡೆದು ಹೋಗಬಹುದಾದ ದಾರಿಗೆ ಆಟೋ, ಒಂದೇ ಮನೆಯಲ್ಲಿ ನಾಲ್ಕು ಫೋನುಗಳ ರೀಚಾರ್ಜ್ ಇವುಗಳಲ್ಲೇ ಹಣ ಹರಿದುಹೋಗಿತ್ತು. ದಿನಕ್ಕೆ 20 ರೂಪಾಯಿ ಎಂದರೆ ಯಾರಿಗೂ ಲೆಕ್ಕಕ್ಕಿಲ್ಲ. ಅದೇ ವರ್ಷಕ್ಕೆ 7,300 ರೂಪಾಯಿ. ಹನಿ ಕೂಡಿದರೆ ಹಳ್ಳವಾಗುವಂತೆ, ಹನಿ ಹನಿಯಾಗಿ ಸೋರಿಯೇ ಹಳ್ಳ ಬತ್ತುತ್ತದೆ.

ಅಡುಗೆಮನೆಯಿಂದ ಆರಂಭ

ಅಡುಗೆಮನೆಯ ಉಳಿತಾಯವೆಂದರೆ ಹೊಟ್ಟೆಗೆ ಕಡಿಮೆ ಹಾಕುವುದಲ್ಲ. ಕಡಲೆ, ಹೆಸರು, ರಾಜ್ಮಾ ಮೊದಲಾದ ಕಾಳುಗಳನ್ನು ರಾತ್ರಿಯೇ ನೆನೆಸಿಟ್ಟರೆ ಬೇಗ ಬೇಯುತ್ತವೆ. ಪಾತ್ರೆಗೆ ಮುಚ್ಚಳವಿಡುವುದು, ಕುದಿ ಬಂದ ಮೇಲೆ ಉರಿ ತಗ್ಗಿಸುವುದು, ಫ್ರಿಜ್‌ನಿಂದ ತೆಗೆದ ಹಾಲನ್ನು ಸ್ವಲ್ಪ ಹೊತ್ತು ಹೊರಗಿಟ್ಟು ಕಾಯಿಸುವುದು ಸಣ್ಣ ವಿಷಯಗಳೇ. ಆದರೂ ಸಿಲಿಂಡರ್ ಕೆಲವು ದಿನ ಹೆಚ್ಚು ಬರುತ್ತದೆ. ನಮ್ಮ ಕರಾವಳಿಯ ಕುಚ್ಚಲಕ್ಕಿಗೆ ಗ್ಯಾಸ್ ಬಹಳ ಬೇಕು. ಅನ್ನವನ್ನು ಸ್ವಲ್ಪ ಹೊತ್ತು ಕುದಿಸಿ, ಆ ಪಾತ್ರೆಯನ್ನು ಶಾಖ ಹೊರಹೋಗದ ಥರ್ಮಲ್ ಕುಕ್ಕರಿನೊಳಗೆ ಮುಚ್ಚಿಟ್ಟರೆ ಉಳಿದ ಬೇಯುವಿಕೆ ಉರಿಯಿಲ್ಲದೆ ನಡೆಯುತ್ತದೆ.

ಹಿರಿಯರಿಗೆ ಋತುಮಾನ ನೋಡಿ ಉಣ್ಣುವ ಜಾಣತನವಿತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕಡಲಿನಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಬಂಗುಡೆ, ಬೂತಾಯಿಗಳ ಬೆಲೆ ಏರುವುದು ಎಲ್ಲರಿಗೂ ಗೊತ್ತು. ಅದಕ್ಕೇ ಅತ್ತೆ ಬೇಸಿಗೆಯಲ್ಲೇ ಒಣಮೀನು, ಉಪ್ಪಿನಲ್ಲಿಟ್ಟ ಮಾವಿನಕಾಯಿ, ಹಲಸಿನ ಬೀಜ ತೆಗೆದಿರಿಸುತ್ತಿದ್ದರು. ನಾವು ಅದನ್ನು ಬಡತನದ ಊಟವೆಂದು ಮರೆತು, ಮಳೆಗಾಲದಲ್ಲಿ ದುಬಾರಿ ಮೀನಿಗೆ ಸಾಲು ನಿಲ್ಲುತ್ತಿದ್ದೆವು.

ಪೇಟೆಗೆ ಹೋಗುವಾಗ ಚೀಟಿ ಕೈಯಲ್ಲಿರಲಿ, ಹೊಟ್ಟೆ ತುಂಬಿರಲಿ. ಹಸಿದು ಹೋದವರ ಚೀಲ ಬೇಗ ತುಂಬುತ್ತದೆ. ಪೊಟ್ಟಣದ ಬೆಲೆಯ ಜೊತೆಗೆ ಅದರಲ್ಲಿರುವ ತೂಕವನ್ನೂ ಓದಿ, ಕಿಲೋಗೆ ಎಷ್ಟು ಬಿತ್ತೆಂದು ಲೆಕ್ಕ ಹಾಕಬೇಕು. ಎರಡು ಕೊಂಡರೆ ಒಂದು ಉಚಿತವೆಂದರೂ, ನಮಗೆ ಒಂದೇ ಸಾಕಾಗಿದ್ದರೆ ಅದು ಲಾಭವಲ್ಲ.

ಕರೆಂಟು ಮತ್ತು ನೀರು

ಹಳೆಯ 60 ವಾಟ್‌ನ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್ ಬೇಕು. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವಾಟ್‌ನ ಎಲ್‌ಇಡಿ ಬಲ್ಬಿಗೆ ಒಂದೂವರೆ ಯೂನಿಟ್ಟೂ ಬೇಡ. 2,000 ವಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಮುಗಿಯಿತು. ಗೀಸರ್ ಹಾಕಿ ಮರೆಯುವ ಮನೆಗಳು ಎಷ್ಟಿಲ್ಲ! ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ ಲೀಟರ್‌ಗಟ್ಟಲೆ ನೀರು ಹೋಗುತ್ತದೆ. ಅದನ್ನು ನಿಲ್ಲಿಸಲು ಕೆಲವೇ ರೂಪಾಯಿಯ ವಾಷರ್ ಸಾಕು.

2023ರಲ್ಲಿ ರಾಜ್ಯದಲ್ಲಿ ಗೃಹಜ್ಯೋತಿ ಯೋಜನೆ ಬಂದಾಗ ಉಚಿತವೆಂದು ಕೆಲವು ಮನೆಗಳಲ್ಲಿ ಸ್ವಿಚ್ಚು ಆರಿಸುವುದನ್ನೇ ಬಿಟ್ಟರು. ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಕಟ್ಟಬೇಕೆಂಬ ನಿಯಮ ಆ ಮೇಲೆ ನೆನಪಾಯಿತು. ಉಚಿತವಾಗಿ ಸಿಕ್ಕಿದ್ದನ್ನೂ ಪೋಲು ಮಾಡುವ ಹಕ್ಕು ನಮಗಿಲ್ಲ.

ಇತರರ ಕಣ್ಣಿಗಾಗಿ

ನಮ್ಮ ಕೊಡದ ದೊಡ್ಡ ತೂತು ಇರುವುದು ಇಲ್ಲಿಯೇ. ಲೆಕ್ಕದ ಪುಸ್ತಕದಲ್ಲಿ ನಾವು ಪ್ರತಿ ಖರ್ಚಿನ ಮುಂದೆ 'ನಮಗಾಗಿ' ಅಥವಾ 'ಜನರಿಗಾಗಿ' ಎಂದು ಬರೆಯತೊಡಗಿದೆವು. ಒಮ್ಮೆ ಉಟ್ಟದ್ದನ್ನು ಇನ್ನೊಂದು ಮದುವೆಗೆ ಉಡಬಾರದೆಂದು ಕೊಂಡ ಉಡುಪು, ಅಕ್ಕನ ಮನೆಗಿಂತ ಕಡಿಮೆಯಾಗಬಾರದೆಂದು ಮಾಡಿದ ಔತಣ, ಚೆನ್ನಾಗಿಯೇ ಇದ್ದ ಫೋನನ್ನು ಬದಲಿಸಿ ತಂದ ಕಂತಿನ ಫೋನು, ಎಲ್ಲವೂ ಎರಡನೆಯ ಸಾಲಿಗೆ ಸೇರಿದವು. ಹಸಿವನ್ನು ಅರಿಯಬೇಕಾದ ರಮಝಾನ್ ತಿಂಗಳಲ್ಲೇ ನಮ್ಮ ದಿನಸಿಯ ಬಿಲ್ಲು ವರ್ಷದಲ್ಲೇ ಅತಿ ಹೆಚ್ಚು ಎಂದು ಕಂಡಾಗ ಬಹಳ ನಾಚಿಕೆಯಾಯಿತು. ಕುರ್‌ಆನ್ ದುಂದುವೆಚ್ಚ ಮತ್ತು ಜಿಪುಣತನ ಎರಡನ್ನೂ ಬಿಟ್ಟು ನಡುವಣ ದಾರಿ ಹಿಡಿಯಲು ಕಲಿಸುತ್ತದೆ. ನಾವು ಜನರ ಮುಂದೆ ದುಂದು ಮಾಡಿ, ಮನೆಯೊಳಗೆ ಮಕ್ಕಳ ಹಾಲಿನಲ್ಲಿ ಜಿಪುಣತನ ತೋರಿಸುತ್ತಿದ್ದೆವು.

ಕೈ ಬಿಗಿ ಹಿಡಿಯಬಾರದ ಕಡೆ

ಉಳಿತಾಯದ ಹೆಸರಿನಲ್ಲಿ ಮಾಡಬಾರದ್ದೂ ಇದೆ. ಮಕ್ಕಳ ಹಾಲು, ಮೊಟ್ಟೆ, ಹಣ್ಣು ನಿಲ್ಲಿಸಬಾರದು. ಮನೆಯವರೆಲ್ಲ ಉಂಡು ಉಳಿದದ್ದನ್ನು ಉಣ್ಣುವ ತಾಯಿ ತನ್ನ ಆರೋಗ್ಯವನ್ನು ಅಡವಿಟ್ಟು ಹಣ ಉಳಿಸಬಾರದು. ಅದರ ಸಾಲ ಮುಂದೆ ಆಸ್ಪತ್ರೆಯಲ್ಲಿ ತೀರಿಸಬೇಕಾಗುತ್ತದೆ. ಔಷಧಿ ಬಿಡುವ ಬದಲು, ಅದೇ ಔಷಧಿ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆಯೇ ಎಂದು ವೈದ್ಯರಲ್ಲಿ ಕೇಳಿ ತಿಳಿಯಬಹುದು. ಮಾಲ್‌ನಲ್ಲಿ ಹೇಳಿದ ಬೆಲೆ ಕೊಟ್ಟು, ಬುಟ್ಟಿ ಹೊತ್ತು ಮನೆ ಬಾಗಿಲಿಗೆ ಬರುವ ಮೀನು ಮಾರುವವಳ ಬಳಿ ಹತ್ತು ರೂಪಾಯಿಗೆ ಚೌಕಾಸಿ ಮಾಡುವುದು ಮಿತವ್ಯಯವಲ್ಲ. ಬಡವರ ಪಾಲನ್ನೂ ಕಡಿತಗೊಳಿಸಬಾರದು. ನಮ್ಮ ಪುಸ್ತಕದಲ್ಲಿ ಸದಕಾದ ಸಾಲು ಸಣ್ಣದಾಯಿತು, ಅಳಿಸಿಹೋಗಲಿಲ್ಲ.

ಮನೆಮಂದಿಯೆಲ್ಲ ಕೂತು

ಮಕ್ಕಳಿಗೆ ಕಷ್ಟ ತಿಳಿಯಬಾರದೆಂದು ನಾವು ಭಾವಿಸುತ್ತೇವೆ. ಆದರೆ ಅವರಿಗೆ ಎಲ್ಲವೂ ತಿಳಿಯುತ್ತದೆ. ಹೇಳದಿದ್ದರೆ ಭಯವಾಗಿ ತಿಳಿಯುತ್ತದೆ, ಹೇಳಿದರೆ ಜವಾಬ್ದಾರಿಯಾಗಿ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಪ್ರತಿ ರವಿವಾರ ಊಟದ ನಂತರ ಮಗಳು ಲೆಕ್ಕ ಓದುತ್ತಾಳೆ. ಮೊದಲ ರವಿವಾರವೇ ಅವಳು, "ಉಮ್ಮಾ, ನನಗೆ ಶಾಲೆಗೆ ಹೊಸ ಬ್ಯಾಗ್ ಬೇಡ. ಇದರ ಜಿಪ್ ಮಾತ್ರ ಹೋಗಿದೆ" ಎಂದಳು. ಆ ಸಂಜೆ ಪತಿ ಕೂಡ ತಮ್ಮ ಕೈಸಾಲದ ಮೊತ್ತವನ್ನು ಪುಸ್ತಕದಲ್ಲಿ ತಾವೇ ಬರೆದರು.

ಸಂಬಳ ಬಂದ ದಿನವೇ ಶುಲ್ಕ, ಬಾಡಿಗೆ, ಸಾಲ, ಆಪತ್ತು ಎಂದು ಲಕೋಟೆಗಳಲ್ಲಿ ಹಣ ಬೇರೆ ಮಾಡಿಟ್ಟೆವು. ತಿಂಗಳ ಕೊನೆಗೆ ಉಳಿದರೆ ಇಡೋಣ ಎಂದವರಿಗೆ ಉಳಿಯುವುದಿಲ್ಲ. ಮೊದಲೇ ತೆಗೆದಿಟ್ಟರೆ ಮಾತ್ರ ಉಳಿಯುತ್ತದೆ. ಮೊದಲ ತಿಂಗಳು ಆಪತ್ತಿನ ಲಕೋಟೆಯಲ್ಲಿದ್ದದ್ದು 300 ರೂಪಾಯಿ.

ಹದಿನಾಲ್ಕು ತಿಂಗಳ ನಂತರ ಬಳೆ ಮನೆಗೆ ಬಂತು. ಸಂಬಳ ಹೆಚ್ಚಿರಲಿಲ್ಲ, ಸೋರಿಕೆ ನಿಂತಿತ್ತು. ಬಳೆ ತೊಟ್ಟಾಗ ಆದದ್ದಕ್ಕಿಂತ ಹೆಚ್ಚಿನ ನೆಮ್ಮದಿ, ಪತಿ-ಪತ್ನಿಯ ನಡುವೆ ಮುಚ್ಚಿಡುವ ಲೆಕ್ಕವಿಲ್ಲ ಎಂಬುದರಿಂದ ಸಿಕ್ಕಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಆದರೆ ಹಾಸಿಗೆ ಎಷ್ಟು ಉದ್ದವಿದೆಯೆಂದು ಮನೆಮಂದಿಗೆಲ್ಲ ಗೊತ್ತಿರಬೇಕಲ್ಲವೇ?

ನಿಮ್ಮ ಮನೆಯಲ್ಲೂ ಮಕ್ಕಳು ಅರ್ಧ ಬರೆದು ಬಿಟ್ಟ ನೋಟು ಪುಸ್ತಕ ಇದ್ದೇ ಇರುತ್ತದೆ. ಉಳಿದ ಹಾಳೆಗಳಲ್ಲಿ ಇಂದು ರಾತ್ರಿಯೇ ಬರೆಯಲು ಆರಂಭಿಸಿ. ಹೊಸದು ಕೊಳ್ಳಬೇಕಾಗಿಲ್ಲ.