ಪಾದ್ರಿಯಿಲ್ಲದ ಪಾದ್ರಿಮನೆ

ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ, ಚರ್ಚಿನ ಪಕ್ಕದ ದೊಡ್ಡ ಮನೆಯ ಗೇಟಿನ ಮೇಲೆ ‘ಓಲ್ಡ್ ರೆಕ್ಟರಿ’ ಎಂದಿದ್ದರೆ ಅಲ್ಲಿ ಈಗ ಪಾದ್ರಿ ಇಲ್ಲವೆಂದೇ ಅರ್ಥ. ರೆಕ್ಟರ್ ಎಂದರೆ ಊರಿನ ಬೆಳೆಯ ದಶಮಾಂಶ ಪೂರ್ತಿ ಪಡೆಯುವ ಹಕ್ಕಿದ್ದ ಪಾದ್ರಿ. ವಿಕಾರ್ ಎಂಬ ಇನ್ನೊಂದು ಬಗೆಯ ಪಾದ್ರಿಗೆ ಸಲ್ಲುತ್ತಿದ್ದುದು ಅದರಲ್ಲೊಂದು ಪಾಲು. ಈ ಮನೆಗಳನ್ನು ಹಳೆಯ ಸಿರಿತನದ ಗುರುತಾಗಿ ನೋಡುವುದು ವಾಡಿಕೆ. ಆದರೆ ಇವುಗಳ ರೂಪ ಹುಟ್ಟಿದ್ದು ಹುದ್ದೆಯಿಂದ. ಮನೆ, ಉಂಬಳಿ ಭೂಮಿ ಎರಡೂ ಹುದ್ದೆಗೆ ಸೇರಿದ್ದವು. ಪಾದ್ರಿ ಅನುಭೋಗಿಸಬಹುದಿತ್ತು, ಮಾರುವಂತಿರಲಿಲ್ಲ. 1776ರ ಗಿಲ್ಬರ್ಟ್ ಕಾಯ್ದೆ ಹುದ್ದೆಯ ಆದಾಯವನ್ನೇ ಅಡವಿಟ್ಟು ಮನೆ ಕಟ್ಟಲು ಸಾಲ ಪಡೆಯುವ ದಾರಿ ತೆರೆಯಿತು. ಬಾಕಿ ಉಳಿದ ಸಾಲ ಮುಂದೆ ಬರುವವನ ತಲೆಗೆ. ರಿಪೇರಿ ಮಾಡಿಸದೆ ಹೋದರೆ ಅದರ ಖರ್ಚನ್ನು ಹಿಂದಿನವನೋ ಅವನ ವಾರಸುದಾರರೋ ತೆರಬೇಕು. ಹೀಗಾಗಿ ಪಾದ್ರಿ ಕಟ್ಟಿಸುತ್ತಿದ್ದ ಮನೆಯಲ್ಲಿ ತನ್ನ ಸಂಸಾರಕ್ಕೂ ಜಾಗವಿರಬೇಕಿತ್ತು, ಊರಿನ ಕೆಲಸಕ್ಕೂ ಒದಗಬೇಕಿತ್ತು.

ಡಾರ್ಸೆಟ್ ಸೀಮೆಯ ರ‍್ಯಾಂಪಿಶಮ್‌ನಲ್ಲಿ 1840ರ ದಶಕದಲ್ಲಿ ವಾಸ್ತುಶಿಲ್ಪಿ ಪ್ಯೂಜಿನ್ ರೂಪಿಸಿದ ರೆಕ್ಟರಿಯನ್ನು ನೋಡಿ. ಅದಕ್ಕೂ ಹಿಂದಿನ ಜಾರ್ಜಿಯನ್ ಮನೆಗಳಂತೆ ಇಲ್ಲಿ ಬಾಗಿಲಿನ ಎಡಬಲಕ್ಕೆ ಕಿಟಕಿಗಳು ಸಮನಾಗಿ ಸಾಲುಗಟ್ಟಿಲ್ಲ. ನಡುವೆ ಮೆಟ್ಟಿಲಿನ ಹಜಾರ, ಅದರ ಸುತ್ತ ಗಿರಗಿಟ್ಟಲೆಯ ಎಲೆಗಳ ಹಾಗೆ ಕೋಣೆಗಳು. ಒಳಗಿನ ಅಗತ್ಯ ಹೇಗೋ ಹಾಗೆ ಹೊರಗಿನ ಕಿಟಕಿ, ಚಿಮಣಿ. ಆ ಕಾಲದ ಇಂಥ ಅನೇಕ ಮನೆಗಳಲ್ಲಿ ಪಾದ್ರಿ ಊರಿನವರನ್ನು ಕಾಣುವ ಓದುಕೋಣೆ ಮುಂಬಾಗಿಲಿನ ಪಕ್ಕದಲ್ಲೇ ಇತ್ತು. ಕೆಲವೆಡೆ ಅದಕ್ಕೆ ಬೇರೆಯೇ ಬಾಗಿಲು. ಮದುವೆ ಗೊತ್ತುಮಾಡಲೋ ಸಾವಿನ ಸುದ್ದಿ ಹೇಳಲೋ ಬಂದ ರೈತ ಕೆಸರುಗಾಲಿನಲ್ಲಿ ಪಡಸಾಲೆ ದಾಟಬೇಕಿರಲಿಲ್ಲ.

ಮುಂದೆ ಚರ್ಚು ಇಂಥ ಎಷ್ಟೋ ಮನೆಗಳನ್ನು ಖಾಸಗಿಯವರಿಗೆ ಮಾರಿಬಿಟ್ಟಿತು. ಮಾರದಿದ್ದರೆ ಇವು ಕುಸಿಯುತ್ತಿದ್ದವು ಎಂಬ ವಾದವಿದೆ, ಅದರಲ್ಲಿ ಹುರುಳೂ ಇದೆ. ಆದಾಯ ಕುಗ್ಗಿತ್ತು, ಇಷ್ಟು ದೊಡ್ಡ ಮನೆಯನ್ನು ಬೆಚ್ಚಗಿಡುವುದೇ ಪಾದ್ರಿಗೆ ಭಾರವಾಗಿತ್ತು. ಬರ್ಕ್‌ಶೈರ್‌ನ ಫಾರ್ನ್‌ಬರೋದ 18ನೇ ಶತಮಾನದ ರೆಕ್ಟರಿಯಲ್ಲಿ 1945ರಿಂದ 1951ರವರೆಗೆ ಕವಿ ಜಾನ್ ಬೆಟ್ಜಮನ್ ಸಂಸಾರ ಹೂಡಿದ್ದರು. ಇಂಥ ಎಷ್ಟೋ ಮನೆಗಳ ಗೋಡೆಗಳನ್ನು ಉಳಿಸಿದ್ದು ಖಾಸಗಿ ಹಣವೇ. ರೈತನಿಂದ ದಶಮಾಂಶ ಕಿತ್ತು ಕಟ್ಟಿದ ಮನೆಗೆ ಮರುಗುವುದೇಕೆ ಎಂದೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೊಟ್ಟದ್ದಕ್ಕೆ ಪ್ರತಿಯಾಗಿ ಅವನು ಏನನ್ನಾದರೂ ಕೇಳಬಹುದಾಗಿದ್ದ ಜಾಗವೂ ಅದೇ ಓದುಕೋಣೆ. ಪಾರಂಪರಿಕ ಕಟ್ಟಡಗಳ ಕಾನೂನು ಅದರ ಬಾಗಿಲನ್ನು ಕಾಪಾಡಬಲ್ಲದು. ಅದನ್ನು ತಟ್ಟಲು ಊರಿನವರಿಗಿದ್ದ ಸಲಿಗೆ ಕ್ರಯಪತ್ರದ ದಿನವೇ ಮುಗಿಯಿತು.